ಭಾವ ಹೇಳಿದ, ಭಾವ ಹೇಳಿದರು

ಇದನ್ನು ಬರೆಯುವಾಗ ಆ ವರ್ಷದ ಡೈರಿ ನನ್ನ ಕೈಯಲ್ಲಿಲ್ಲ. ಅದು ನಗರದ ಒಂದು ಪೊಲೀಸ್ ಠಾಣೆಯ ಕಪಾಟಿನಲ್ಲಿ, ಯಾವುದೋ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಕೂತಿದೆ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು. ನಡೆದ ದಿನವೇ ಬರೆದಿಟ್ಟದ್ದಕ್ಕೆ ಒಂದು ಬೆಲೆ, ಕಾಲ ಕಳೆದ ಮೇಲೆ ನೆನಪಿಸಿಕೊಂಡು ಬರೆದದ್ದಕ್ಕೆ ಇನ್ನೊಂದು ಬೆಲೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಈ ಬರಹ ಎರಡನೆಯ ಬಗೆಯದು. ಮಾತುಗಳು ಹೆಚ್ಚುಕಡಿಮೆ ಹೀಗೆಯೇ ಇದ್ದವು. ಒಂದೆರಡು ಕಡೆ ಹಿಂದುಮುಂದಾಗಿರಬಹುದು. ಕೆಲವು ವಿವರಗಳನ್ನು ನಾನೇ ಬೇಕೆಂದು ಬದಲಿಸಿದ್ದೇನೆ, ಯಾವುವೆಂದು ಹೇಳುವುದಿಲ್ಲ. ಹೆಸರುಗಳಂತೂ ಇಲ್ಲವೇ ಇಲ್ಲ. ಆ ಡೈರಿಯಲ್ಲಿ ಒಬ್ಬ ಮನುಷ್ಯನ ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆ ಅವನ ಕೆಲಸ, ಅವನ ಮಗಳ ಓದು, ಬಹುಶಃ ಅವನು ಹೊರಗಿರುವುದೋ ಒಳಗಿರುವುದೋ ಎಂಬುದೂ ನಿಂತಿತ್ತು.

ಪ್ರತಿಭಟನೆ ಶುರು ಮಾಡಿದ್ದು ನಾವಿಬ್ಬರು. ನಾನು, ಮತ್ತು ಮಣ್ಣಗುಡ್ಡದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯ ಬಾಯಮ್ಮ. ಕ್ರೈಸ್ತ ಹೆಂಗಸರನ್ನು ನಮ್ಮ ತುಳು ಮನೆಗಳಲ್ಲಿ ಹಿಂದಿನಿಂದ ಹಾಗೆ ಕರೆಯುವುದು, ಆಕೆಗೂ ಆ ಕರೆ ಇಷ್ಟ. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದು ನಿವೃತ್ತಿಯಾಗಿ ಬಂದವರು. ಪಕ್ಕದ ದೇಶದ ಯುದ್ಧದಲ್ಲಿ ಗಾಯಗೊಂಡ ಕೆಲವರನ್ನು ಆ ಆಸ್ಪತ್ರೆಗೆ ವಿಮಾನದಲ್ಲಿ ತರುತ್ತಿದ್ದರಂತೆ. ಒಮ್ಮೆ ಒಂದು ಮಗುವಿನ ತೊಡೆಯಿಂದ ಡಾಕ್ಟರು ಲೋಹದ ಚೂರೊಂದನ್ನು ತೆಗೆದು ಸ್ಟೀಲಿನ ತಟ್ಟೆಗೆ ಹಾಕಿದರು. ಬಾಯಮ್ಮ ಅದನ್ನು ತೊಳೆದು ನೋಡಿದರೆ ಅದರ ಮೇಲೆ ಮೂರು ಅಂಕಿಗಳು ಅಚ್ಚಾಗಿದ್ದವು.

"ಆ ನಂಬರ್ ಹಾಕಿದವನೊಬ್ಬ ಇದ್ದಾನಲ್ಲ ಮಾಸ್ಟ್ರೇ," ಎಂದು ಅವರು ನನ್ನನ್ನು ಕೇಳಿದ್ದರು. "ಅವ ಬೆಳಿಗ್ಗೆ ಎದ್ದು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡ್ಕೊಂಡು, ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಹಾಕಿದ್ದಲ್ವಾ? ಅವನಿಗೆ ಗೊತ್ತುಂಟಾ ಅದು ಎಲ್ಲಿ ಹೋಗಿ ಕೂತಿತೂಂತ?"

ಯುದ್ಧಗಳ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ್ದೆ. ಒಪ್ಪಂದಗಳ ಹೆಸರು, ಸೈನ್ಯಗಳ ದಾರಿ, ಸೋತವರು, ಗೆದ್ದವರು. ನಂಬರು ಹಾಕುವವನ ಬಗ್ಗೆ ಒಂದು ಪರೀಕ್ಷೆಯಲ್ಲೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಹೊತ್ತಿಗೆ ನಮ್ಮ ರಸ್ತೆ ಮುಖ್ಯರಸ್ತೆಗೆ ಸೇರುವಲ್ಲಿ ಒಂದು ಹೊಸ ಕಂಬ ಬಂದಿತ್ತು. ಕಂಬದ ತುದಿಯಲ್ಲಿ ದುಂಡನೆಯ ಕಪ್ಪು ಕ್ಯಾಮೆರಾ. ಮುಖ ಗುರುತಿಸುವಂಥದ್ದು ಎಂದು ಪತ್ರಿಕೆಯಲ್ಲಿ ಹೆಮ್ಮೆಯಿಂದ ಬರೆದಿದ್ದರು. ನಾನು ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಕೇಳಿದೆ. ಚಿತ್ರಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ, ನಮ್ಮ ಮುಖಗಳನ್ನು ಯಾವ ಪಟ್ಟಿಯೊಂದಿಗೆ ಹೋಲಿಸುತ್ತೀರಿ. ಮೊದಲನೆಯದು ಬೇರೆ ಕಚೇರಿಗೆ ಸಂಬಂಧಿಸಿದ್ದು ಎಂದರು. ಉಳಿದೆರಡನ್ನು ಭದ್ರತೆಯ ಕಾರಣದಿಂದ ಕೊಡಲಾಗದು ಎಂದರು. ಮೇಲ್ಮನವಿಗೆ ಬಂದ ಉತ್ತರದಲ್ಲಿ ಸರಿಯಾಗಿದ್ದದ್ದು ನನ್ನ ವಿಳಾಸ ಮಾತ್ರ.

ಹಾಗಾಗಿ ಶನಿವಾರ ಸಂಜೆ ಐದರಿಂದ ಆರರವರೆಗೆ ಕಂಬದ ಕೆಳಗೆ ನಿಲ್ಲಲು ಶುರು ಮಾಡಿದೆವು. ರಟ್ಟಿನ ಮೇಲೆ ಬಾಯಮ್ಮ ದಪ್ಪಕ್ಷರದಲ್ಲಿ ಬರೆದರು: ಈ ಕಣ್ಣು ಯಾರದ್ದು?

ರಿಕ್ಷಾ ಸ್ಟ್ಯಾಂಡಿನ ಚಾಲಕರಿಗೆ ನಾವು ಒಳ್ಳೆಯ ಮನರಂಜನೆಯಾದೆವು.

"ಎಂತ ಮಾಸ್ಟ್ರೇ, ಕ್ಯಾಮೆರಾ ಬೇಡ್ವಾ? ಮನೆಗೆ ಕಳ್ಳ ಬಂದ್ರೆ ಎಂತ ಮಾಡ್ತೀರಿ?"

"ಕಳ್ಳ ಬಂದ್ರೆ ಕಳ್ಳನ ಮುಖ ತೆಕ್ಕೊಳ್ಳಲಿ ಮಾರಾಯ," ಎಂದರು ಬಾಯಮ್ಮ. "ಮೀನಿಗೆ ಹೋಗುವ ನನ್ನ ಮುಖ ಯಾಕೆ?"

"ನಿಮ್ಮ ಮುಖ ಚಂದ ಉಂಟಲ್ಲ ಬಾಯಮ್ಮ, ಅದಕ್ಕೆ."

"ಇದನ್ನು ನೀನು ಮೂವತ್ತು ವರ್ಷ ಮೊದ್ಲು ಹೇಳ್ಬೇಕಿತ್ತು."

ನಾನು ಯಾಕೆ ನಿಂತೆ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ಒಂದೇ ಬಣ್ಣದ್ದಲ್ಲ. ಡೈರಿಯಲ್ಲಿ 'ತತ್ವ' ಎಂದು ಬರೆದ ನೆನಪಿದೆ. ನಿವೃತ್ತನಾದವನಿಗೆ ಶನಿವಾರ ಸಂಜೆ ಬಹಳ ಉದ್ದ ಎಂಬುದನ್ನೂ ಬರೆಯಬೇಕಿತ್ತು. ನನ್ನ ಪತ್ರಕ್ಕೆ ಉತ್ತರ ಕೊಡದ ಅಧಿಕಾರಿಯ ಮೇಲಿನ ಸಿಟ್ಟೂ ಇತ್ತು. ಆದರೆ ಒಮ್ಮೆ ನಿಂತ ಮೇಲೆ ಕಾರಣ ಯಾವುದಾದರೂ ಕಾಲು ಅಲ್ಲೇ ಇರುತ್ತದೆ. ಮೂರನೆಯ ವಾರ ಪೊಲೀಸರೊಬ್ಬರು ಬಂದು, "ಇಲ್ಲಿ ನಿಲ್ಲುವ ಹಾಗಿಲ್ಲ," ಎಂದಾಗ ಬಾಯಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಇಲ್ಲಿ?" ಎಂದರು. ಮತ್ತೆ ಒಂದು ಹೆಜ್ಜೆ. "ಇಲ್ಲಿ?" ಅವರು ನಕ್ಕು ಹೋದರು.

ಮೂರನೆಯವನು ಬಂದದ್ದು ಹೀಗೆ. ಒಂದು ಶನಿವಾರ ಬೈಕೊಂದು ನಮ್ಮ ಎದುರು ನಿಧಾನವಾಯಿತು. ಸವಾರ ರಟ್ಟಿನ ಮೇಲಿನದ್ದನ್ನು ಓದಿ ಹೊರಟುಹೋದ. ಮುಂದಿನ ಶನಿವಾರವೂ ಹಾಗೆಯೇ. ಅದರ ನಂತರದ ವಾರ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ, ತುಳುವಿನಲ್ಲಿ ನನ್ನ ಅಜ್ಜಿಮನೆಯ ಊರಿನ ಹೆಸರು ಹೇಳಿ, ನೀವು ಆ ಮನೆಯವರಲ್ಲವೇ ಎಂದು ಕೇಳಿದ. ಅವನೂ ಆ ಕಡೆಯವನೇ. ನೆಂಟಸ್ತಿಕೆ ಏನೂ ಇಲ್ಲ. ಆದರೆ ನಮ್ಮವರಲ್ಲಿ ಗಂಡಸರು ಗಂಡಸರನ್ನು, ನೆಂಟರಿರಲಿ ಇಲ್ಲದಿರಲಿ, ಕರೆಯುವುದು ಒಂದೇ ಮಾತಿನಿಂದ: ಭಾವ. ಅಂಗಡಿಯವನೂ ಭಾವ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನೂ ಭಾವ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನು ನನ್ನನ್ನು ಭಾವ ಎಂದ, ನಾನು ಅವನನ್ನು ಭಾವ ಎಂದೆ. ಹೆಸರನ್ನು ಅವನು ಒಮ್ಮೆ ಹೇಳಿದ್ದ, ನಾನು ಒಮ್ಮೆಯೂ ಬಳಸಲಿಲ್ಲ.

ಮಾತನಾಡಬೇಕು, ಇಲ್ಲಿ ಬೇಡ ಎಂದ. ಕಾವೂರಿನ ಕೆರೆಯ ಸುತ್ತ ಸಂಜೆ ನಡೆಯಲು ಬರುವವರು ಬಹಳ. ಆ ಗುಂಪಿನಲ್ಲಿ ಇಬ್ಬರು ಗಂಡಸರು ಕೈಬೀಸಿಕೊಂಡು ನಡೆದರೆ ಸಕ್ಕರೆ ಕಾಯಿಲೆ ಎಂದುಕೊಳ್ಳುತ್ತಾರೆ. ಎರಡನೆಯ ಸುತ್ತಿನಲ್ಲಿ ಅವನು ಹೇಳಿದ:

"ಭಾವ, ಬೋರ್ಡಿನಲ್ಲಿ ಕೇಳಿದ್ದೀರಲ್ಲ, ಕಣ್ಣು ಯಾರದ್ದೂಂತ. ಅದು ನನ್ನದು."

ನಾನು ನಕ್ಕೆ. ಅವನು ನಗಲಿಲ್ಲ.

ನಗರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಅವನ ಕೆಲಸ. ಯಾವ ದಿಕ್ಕಿನ ಹೊರಗು ಎಂದು ಹೇಳುವುದಿಲ್ಲ. ಕ್ಯಾಮೆರಾದ ಮಸೂರ ಮತ್ತು ಅದರ ಹಿಂದಿನ ಪುಟ್ಟ ಸರ್ಕ್ಯೂಟ್ ಹಲಗೆ ಸರಿಯಾಗಿ ಕೂತಿವೆಯೇ ಎಂದು ಪರೀಕ್ಷಿಸಿ ಪಾಸು ಮಾಡುವವನು ಅವನು. ಪಾಸಾದದ್ದು ಎರಡು ಬಗೆಯ ಪೆಟ್ಟಿಗೆಗೆ ಹೋಗುತ್ತದೆ. ಒಂದು ನಮ್ಮ ಊರುಗಳ ಕಂಬಗಳಿಗೆ. ಇನ್ನೊಂದು ಹೊರದೇಶಕ್ಕೆ. ಒಳಗಿರುವುದು ಒಂದೇ, ಹೊರಗಿನ ಚೀಟಿ ಬೇರೆ.

"ಹೊರಗೆ ಹೋದದ್ದು ಕಂಬದಲ್ಲಿ ಕೂರುದಿಲ್ಲ ಭಾವ. ಹಾರ್ತದೆ."

ಒಂದು ದಿನ ಹೊರದೇಶದ ಗಿರಾಕಿ ಬಂದು ಅವರಿಗೆಲ್ಲ ಒಂದು ವಿಡಿಯೋ ತೋರಿಸಿದನಂತೆ, ನಿಮ್ಮ ಕೆಲಸ ಎಷ್ಟು ಚೆನ್ನಾಗಿದೆ ನೋಡಿ ಎಂದು. ಮೇಲಿನಿಂದ ತೆಗೆದ ಚಿತ್ರ. ಪರದೆಯ ಮಧ್ಯದಲ್ಲಿ ಒಂದು ಗೆರೆಯ ಚೌಕ, ಚೌಕದೊಳಗೆ ಒಬ್ಬ ಮನುಷ್ಯ. ಮನುಷ್ಯ ಓಡಿದ. ಚೌಕವೂ ಓಡಿತು. ಅವನು ಗೋಡೆಯ ಪಕ್ಕ ಬಾಗಿದ, ಚೌಕವೂ ಬಾಗಿತು. ಆಮೇಲೆ ಪರದೆ ಬಿಳಿಯಾಯಿತು.

"ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ. ಕೈ ಹೊಡೆದಾಯ್ತು ಭಾವ, ಆಮೇಲೆ ಗೊತ್ತಾದದ್ದು ಎಂತದಕ್ಕೆ ಹೊಡೆದದ್ದೂಂತ."

ಅವನು ನನಗೆ ಒಂದು ಕಾಗದವನ್ನೂ ಕೊಡಲಿಲ್ಲ, ಫೋನಿನಲ್ಲಿ ಏನನ್ನೂ ಕಳಿಸಲಿಲ್ಲ. ಬರೀ ಹೇಳಿದ. ಬರೆದವನು ನಾನು. ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ, ಮರೆಯುವ ಭಯದಿಂದ ಎಲ್ಲವನ್ನೂ ಡೈರಿಗೆ ಇಳಿಸಿದೆ. ಬಾಯಮ್ಮನಿಗೆ ವಿಷಯ ತಿಳಿಸಿದಾಗ ಅವರು, "ಅಂತೂ ನಂಬರ್ ಹಾಕಿದವ ಸಿಕ್ಕಿದ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಕಂಪನಿಯವರು ನಗರದ ಒಂದು ದೊಡ್ಡ ಸಭಾಂಗಣದಲ್ಲಿ ಸುರಕ್ಷಿತ ನಗರದ ಪ್ರದರ್ಶನ ಇಟ್ಟಿದ್ದರು. ನಾವು ಒಂದೇ ಹಾಳೆಯ ಕರಪತ್ರ ಮಾಡಿದೆವು. ನಮ್ಮ ಬೀದಿಯಲ್ಲಿ ನಮ್ಮನ್ನು ನೋಡುವ ಕಣ್ಣೇ ಬೇರೆ ಊರಿನ ಆಕಾಶದಲ್ಲಿ ಮನುಷ್ಯರನ್ನು ಹುಡುಕಿ ಕೊಲ್ಲುವ ಯಂತ್ರಕ್ಕೂ ಹೋಗುತ್ತಿದೆ, ಇದನ್ನು ಅಲ್ಲಿ ಕೆಲಸ ಮಾಡುವವರೇ ನಮಗೆ ಹೇಳಿದ್ದಾರೆ, ಕಂಪನಿ ಇಲ್ಲ ಎನ್ನಲಿ ನೋಡೋಣ ಎಂದು ಬರೆದೆವು. 'ಅಲ್ಲಿ ಕೆಲಸ ಮಾಡುವವರೇ' ಎಂಬ ಮಾತು ನನ್ನದು. ಅದಿಲ್ಲದೆ ಯಾರೂ ನಂಬುವುದಿಲ್ಲ ಎಂದು ಹಟ ಮಾಡಿ ಸೇರಿಸಿದೆ. ಸೇರಿಸುವಾಗ ಭಾವನನ್ನು ಕೇಳಲಿಲ್ಲ. ಇದು ನೆನಪಿನ ತಪ್ಪಲ್ಲ, ನನ್ನ ತಪ್ಪು.

ಸಭಾಂಗಣದ ಗೇಟಿನ ಹೊರಗೆ, ಅಷ್ಟರಲ್ಲಿ ಕಂಬದ ಕೆಳಗೆ ಬರತೊಡಗಿದ್ದ ಏಳು ಜನರೂ ಸೇರಿ, ನಾವು ಒಂಬತ್ತು ಮಂದಿ ನಿಂತಿದ್ದೆವು. ಅರ್ಧ ಗಂಟೆಯಲ್ಲಿ ವ್ಯಾನು ಬಂತು. ಠಾಣೆಯಲ್ಲಿ ಸಂಜೆಯವರೆಗೆ ಕೂರಿಸಿ, ಮುಂದೆ ಹೀಗೆ ಮಾಡಬೇಡಿ ಎಂದು ಹೇಳಿ ಬಿಟ್ಟರು. ನನ್ನ ಚೀಲ ವಾಪಸು ಕೊಟ್ಟರು. ಕೊಡೆ ಇತ್ತು, ಕನ್ನಡಕದ ಪೆಟ್ಟಿಗೆ ಇತ್ತು, ನೀರಿನ ಬಾಟಲಿ ಇತ್ತು.

"ಡೈರಿ ಎಲ್ಲಿ?"

"ಯಾವ ಡೈರಿ?" ಎಂದರು ಮೇಜಿನ ಹಿಂದಿನವರು.

ನಾಲ್ಕು ದಿನಗಳಲ್ಲಿ ಕಂಪನಿಯ ದೂರು ದಾಖಲಾಯಿತು. ಗೋಪ್ಯ ಮಾಹಿತಿ ಸೋರಿಕೆ, ಅಪರಿಚಿತ ವ್ಯಕ್ತಿಗಳಿಂದ. ಆ ಅಪರಿಚಿತ ಎಲ್ಲಿದ್ದಾನೆಂದು ಹುಡುಕಲು ಅವರಿಗಿದ್ದ ಒಂದೇ ದಾರಿ ನನ್ನ ಕೈಬರಹ.

ಆ ವಾರಗಳಲ್ಲಿ ನನ್ನ ತಲೆ ನನಗೆ ಮಾಡಿದ ಮೋಸವನ್ನು ಹೇಳಲೇಬೇಕು. ಹೆಸರು ಬರೆದಿದ್ದೆನೇ? ಕಣ್ಣು ಮುಚ್ಚಿದರೆ ಆ ಪುಟ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅದರಲ್ಲಿ ಹೆಸರು ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿ ಇರುತ್ತಿತ್ತು. ಮಧ್ಯಾಹ್ನ ಅದೇ ಪುಟ, ಅದೇ ಸಾಲು, ಹೆಸರಿಲ್ಲ. ಹೆಸರನ್ನು ಬಳಸುವ ಅಭ್ಯಾಸವಿರಲಿಲ್ಲ, ಹಾಗಾಗಿ ಬರೆದಿರಲಿಕ್ಕಿಲ್ಲ ಎಂದು ಒಂದು ವಾದ. ಇತಿಹಾಸದ ಮೇಷ್ಟ್ರು, ಮೂಲ ಯಾರೆಂದು ದಾಖಲಿಸದೆ ಬಿಟ್ಟಿರಲಿಕ್ಕಿಲ್ಲ ಎಂದು ಇನ್ನೊಂದು. ನೆನಪು ಸಾಕ್ಷಿ ಹೇಳುವುದಿಲ್ಲ, ಕೇಳಿದವನಿಗೆ ಬೇಕಾದದ್ದನ್ನು ಬರೆದು ತೋರಿಸುತ್ತದೆ.

"ಸಾಯ್ಬಾ ಭೊಗೊಸ್," ಎಂದರು ಬಾಯಮ್ಮ. ದೇವರೇ ಕ್ಷಮಿಸು ಎಂದು ಅವರ ಕೊಂಕಣಿ. "ಬರೆಯುದು ಒಂದು ರೋಗ ಮಾಸ್ಟ್ರೇ ನಿಮಗೆ. ಊಟ ಎಂತ ಮಾಡಿದೆ ಅಂತ ಬರೀರಿ, ಯಾರು ಬೇಡ ಹೇಳ್ತಾರೆ? ಮನುಷ್ಯರನ್ನು ಯಾಕೆ ಬರೀತೀರಿ?"

"ಬರೆಯದಿದ್ದರೆ ಕರಪತ್ರ ಎಲ್ಲಿಂದ ಬರ್ತಿತ್ತು?"

"ಈಗ ಅವ ಎಲ್ಲಿಗೆ ಹೋಗ್ತಾನೆ, ಅದು ಹೇಳಿ."

ಕಾವೂರಿಗೆ ಹೋಗಿ ಅವನಿಗೆ ಹೇಳಿದೆ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವನು ಅರ್ಧ ಸುತ್ತು ನಡೆದ. ಆಮೇಲೆ, "ಬರೆದಿದ್ರೆ ಬರೆದಿದ್ದೀರಿ. ಈಗ ಮಂಡೆಬೆಚ್ಚ ಮಾಡಿ ಎಂತ ಪ್ರಯೋಜನ?" ಎಂದ. ಮತ್ತೆ ಸ್ವಲ್ಪ ನಡೆದು, "ಮಗಳಿಗೆ ಮಾರ್ಚಿನಲ್ಲಿ ಪರೀಕ್ಷೆ ಭಾವ. ಅಷ್ಟರವರೆಗೆ ಮನೆಗೆ ಯಾರೂ ಬರದಿದ್ರೆ ಸಾಕು. ಆಮೇಲೆ ಬೇಕಾದ್ರೆ ನಾನೇ ಹೋಗಿ ಹೇಳ್ತೇನೆ," ಎಂದ. ಇನ್ನು ಇಲ್ಲಿಗೆ ಬರಬೇಡಿ ಎಂದೂ ಹೇಳಿದ. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತೋ ಏನೋ.

ಮುಂದಿನದ್ದು ನಮ್ಮ ಕಡೆಯಲ್ಲಿ ಮಾತ್ರ ಆಗುವಂಥ ಎಡವಟ್ಟು.

ನನ್ನ ಅಕ್ಕನ ಗಂಡ ಹೋಟೆಲು ನಡೆಸುತ್ತಾರೆ. ಎಪ್ಪತ್ತೆರಡು ವಯಸ್ಸು, ನಮ್ಮ ಪ್ರತಿಭಟನೆ ಕಂಡರೆ ಉರಿಯುತ್ತಿದ್ದರು. ವ್ಯಾಪಾರ ಮಾಡುವವನ ಮನೆಯಲ್ಲಿ ಇಂಥ ಭಾವಮೈದ ಇರಬಾರದು ಎಂದು ಅಕ್ಕನ ಎದುರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಒಂದು ಮಧ್ಯಾಹ್ನ ಅವರ ಕಾರು ನಮ್ಮ ಮನೆಯೆದುರು ನಿಂತಿತು. ಒಳಗೆ ಬಂದವರು ಚಪ್ಪಲಿಯನ್ನೂ ತೆಗೆಯಲಿಲ್ಲ.

"ನನ್ನನ್ನು ಸ್ಟೇಷನ್ನಿಗೆ ಕರೆಸಿದ್ರು ಮಾರಾಯ! ನನ್ನನ್ನು!"

"ಯಾಕೆ ಭಾವ?"

"ಅದೇ! ಅದೇ ಯಾಕೆ! ಭಾವ ಹೇಳಿದ, ಭಾವ ಹೇಳಿದ ಅಂತ ಪುಟಗಟ್ಟಲೆ ಬರೆದಿದ್ದೀಯಂತಲ್ಲ. ನಿಮ್ಮ ಭಾವಮೈದನಿಗೆ ಕಂಪನಿಯ ರಹಸ್ಯ ಹೇಳಿದ್ದು ನೀವೇ ಅಲ್ವಾ ಅಂತ ಕೇಳ್ತಾರೆ. ನನ್ನ ಹತ್ರ ಇರುವ ರಹಸ್ಯ ಗೋಳಿಬಜೆ ಹಿಟ್ಟಿನದ್ದೊಂದೇ, ಅದನ್ನು ನನ್ನ ಮಗನಿಗೂ ಹೇಳಿಲ್ಲ ಅಂದೆ."

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅವರು ನನ್ನನ್ನು ದುರುಗುಟ್ಟಿ ನೋಡಿದರು, ಆಮೇಲೆ ಕುರ್ಚಿಯಲ್ಲಿ ಕೂತು ನೀರು ಕೇಳಿದರು. ನೀರು ಕುಡಿದ ಮೇಲೆ ಅವರು ಹೇಳಿದ ಉಳಿದದ್ದು ಬೇರೆ ದನಿಯಲ್ಲಿತ್ತು. ಹೋಟೆಲಿನ ಕ್ಯಾಮೆರಾದಲ್ಲಿ ಒಂದು ತಿಂಗಳಿಂದ ರೆಕಾರ್ಡಾದದ್ದೆಲ್ಲ ತಂದುಕೊಡಿ, ನಿಮ್ಮ ಭಾವಮೈದ ಯಾರ ಜೊತೆ ಕೂತು ಚಹಾ ಕುಡಿಯುತ್ತಾರೆ ನೋಡುತ್ತೇವೆ ಎಂದಿದ್ದರಂತೆ.

"ಕೊಟ್ಟಿರಾ?"

"ಲೆಟರ್ ಕೊಡಿ ಅಂದೆ. ಯಾವ ಕಾನೂನು, ಯಾರ ಸಹಿ, ಎಲ್ಲ ಹಾಕಿ ಕೊಡಿ ಅಂದೆ. ನನ್ನ ಹೋಟೆಲಿಗೆ ಗಂಡ ಹೆಂಡತಿ ಜಗಳ ಮಾಡ್ಲಿಕ್ಕೆ ಬರ್ತಾರೆ, ಹುಡುಗಿ ನೋಡ್ಲಿಕ್ಕೆ ಬರ್ತಾರೆ, ಸಾಲ ಕೇಳ್ಲಿಕ್ಕೆ ಬರ್ತಾರೆ. ಅವರದ್ದೆಲ್ಲ ತೆಗೆದು ಕೊಡ್ಲಿಕ್ಕೆ ನಾನ್ಯಾರು? ಗಿರಾಕಿ ತಿಂದದ್ದು ಏನೂಂತ ಪಕ್ಕದ ಟೇಬಲಿಗೆ ಹೇಳುದಿಲ್ಲ ನಾನು, ಐವತ್ತು ವರ್ಷ ಆಯ್ತು."

ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಆ ಇನ್ನೊಬ್ಬ ಭಾವ ಯಾರೂಂತ ನನಗೆ ಹೇಳ್ಬೇಡ. ಹೇಳಿದ್ರೆ ನನಗೆ ಸುಳ್ಳು ಹೇಳ್ಬೇಕಾಗ್ತದೆ, ಈ ಪ್ರಾಯದಲ್ಲಿ ಅಭ್ಯಾಸ ಇಲ್ಲ."

ಅಂದು ಮೊದಲ ಬಾರಿಗೆ ನನಗೆ ಧೈರ್ಯ ಬಂತು. ಹೆಸರು ಡೈರಿಯಲ್ಲಿದ್ದಿದ್ದರೆ ಪೊಲೀಸರು ಇವರನ್ನು ಕರೆಸುತ್ತಿರಲಿಲ್ಲ.

ನನಗೂ ಕರೆ ಬಂತು. ಅರವತ್ತು ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಯುವಂತಿಲ್ಲ, ಅವರೇ ಮನೆಗೆ ಬರಬೇಕು, ಅಕ್ಕನ ಗಂಡನನ್ನು ಕರೆಸಿದ್ದೂ ತಪ್ಪೇ ಎಂದು ನಮ್ಮ ವಕೀಲೆ ಹೇಳಿದ್ದನ್ನು ಹಾಗೆಯೇ ಬರೆದು ಕಳಿಸಿದೆ. ಮನೆಯಲ್ಲಿ ಚಹಾ ಸಿಗುತ್ತದೆ ಎಂದೂ ಸೇರಿಸಿದ್ದೆ, ವಕೀಲೆ ಅದನ್ನು ಹೊಡೆದುಹಾಕಿದರು.

ಬಂದವರು ಒಬ್ಬ ಸಬ್ ಇನ್ಸ್‌ಪೆಕ್ಟರ್. ಉತ್ತರ ಕರ್ನಾಟಕದ ಕಡೆಯವರು, ನಲವತ್ತರ ಆಸುಪಾಸು, ಮೆಲುದನಿ. ಜೊತೆಗೆ ಬರೆದುಕೊಳ್ಳುವ ಪೇದೆ. ನನ್ನ ಪರವಾಗಿ ಬಾಯಮ್ಮ ಗೋಡೆಗೊರಗಿದ ಕುರ್ಚಿಯಲ್ಲಿ, ರೋಗಿಯ ಪಕ್ಕ ಕೂತವರ ಹಾಗೆ ನೆಟ್ಟಗೆ ಕೂತಿದ್ದರು. ಅಧಿಕಾರಿ ಮೇಜಿನ ಮೇಲೆ ಕಾಗದಗಳನ್ನು ಹರಡಿದರು. ನನ್ನ ಡೈರಿಯ ಜೆರಾಕ್ಸ್ ಪ್ರತಿಗಳು.

"ಇದನ್ನು ಮುಟ್ಟುಗೋಲು ಹಾಕಿಕೊಂಡ ಪಟ್ಟಿ ಎಲ್ಲಿ?" ಎಂದು ಕೇಳಿದೆ. "ನನಗೆ ಕೊಟ್ಟಿಲ್ಲ. ಡೈರಿಯೇ ಇಲ್ಲ ಎಂದಿದ್ದರು."

"ಅದು ನಂತರ ಆಗ್ತೈತ್ರಿ ಸರ್," ಎಂದರು ಅವರು, ಮುಖ ನೋಡದೆ. "ಮೊದ್ಲು ಇದನ್ನ ಮುಗಿಸೋಣ. ನಿಮ್ಮ ಹೋಟೆಲ್ ಭಾವಾರನ್ನ ಕರಸಿದ್ದು ನಮ್ಮ ತಪ್ಪ್ರಿ. ಬ್ಯಾರೆಯವ್ರು ಓದಿದ್ರು. ಆಮ್ಯಾಲ ನಾ ಓದಿದೆ. ನಾನು ಬಿ.ಎ. ಕನ್ನಡ ಮೇಜರ್ರಿ."

ಅವರು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೆಂಪು ಪೆನ್ನಿನಲ್ಲಿ ಎರಡು ಬಗೆಯ ಗುರುತು. ಕೆಲವು ಸಾಲಿಗೆ ಒಂದು ಗೆರೆ, ಕೆಲವಕ್ಕೆ ಎರಡು.

"ಇಲ್ಲಿ ನೋಡ್ರಿ. 'ಭಾವ ಬೈದರು.' 'ಭಾವ ಅಕ್ಕನನ್ನು ಕರೆದುಕೊಂಡು ಬಂದರು.' ಇವರು ಹೋಟೆಲಿನವ್ರು. ಇನ್ನ ಇಲ್ಲಿ. 'ಭಾವ ಹೇಳಿದ.' 'ಭಾವ ಕೆರೆಯ ಬಳಿ ನಿಂತ.' ಅಕ್ಕನ ಗಂಡಗ ನೀವು ಏಕವಚನ ಹಚ್ಚೂದಿಲ್ಲ ಸರ್, ದೊಡ್ಡ ಮನಷಾರು. ಅಂದ್ರ ಇಬ್ರು ಭಾವ ಅದಾರ. 'ಹೇಳಿದರು' ಬ್ಯಾರೆ, 'ಹೇಳಿದ' ಬ್ಯಾರೆ. ಈ 'ಹೇಳಿದ' ಯಾರ್ರಿ?"

ನಾಚಿಕೆಯ ಮಾತು, ಮೊದಲ ಕ್ಷಣ ನನಗೆ ಸಂತೋಷವೇ ಆಯಿತು. ಒಂದು ಪುಟವನ್ನು ಇಷ್ಟು ಗಮನಕೊಟ್ಟು ಓದಿದ ವಿದ್ಯಾರ್ಥಿಗಳು ನನಗೆ ಮೂವತ್ತು ವರ್ಷದಲ್ಲಿ ಎಷ್ಟು ಮಂದಿ ಸಿಕ್ಕಿದ್ದರು? ಎರಡನೆಯ ಕ್ಷಣ ಅದರ ಅರ್ಥ ಹೊಳೆಯಿತು. ಹೆಸರು ಬರೆದಿರಲಿಲ್ಲ, ನಿಜ. ಆದರೆ ಮರ್ಯಾದೆಯ ಲೆಕ್ಕದಲ್ಲಿ ಒಂದು ಪ್ರತ್ಯಯ ಬಿಟ್ಟಿದ್ದೆ, ಅಷ್ಟು ಸಾಕಾಗಿತ್ತು. ನನಗಿಂತ ಚಿಕ್ಕವನು, ನಮ್ಮ ಜನ, ಕೆರೆಯ ಬಳಿ ನಡೆಯುವವನು, ಕಾರ್ಖಾನೆಯಲ್ಲಿ ಕೆಲಸದವನು. ಇನ್ನು ಎರಡು ಹೆಜ್ಜೆ ಹೋದರೆ ಸಿಗುತ್ತಾನೆ.

"ಉತ್ತರ ಕೊಡ್ರಿ ಸರ್."

ಪೇದೆ ಪೆನ್ನು ಹಿಡಿದು ಕಾಯುತ್ತಿದ್ದ. ಅಧಿಕಾರಿ ಚಹಾದ ಲೋಟ ಕೆಳಗಿಟ್ಟು, ದನಿ ಇನ್ನೂ ತಗ್ಗಿಸಿ, "ವಯಸ್ಸಾಗೇತಿ. ಭಾಳ ಮಂದಿ ಕೂಡ ಮಾತಾಡ್ತೀರಿ. ನೆನಪಿಲ್ಲ ಅಂದ್ರ ನೆನಪಿಲ್ಲ ಅಂತ ಬರ್ಕೊಂಡ್ ಹೋಗ್ತೀನ್ರಿ. ನಿಮಗೂ ಚಲೋ, ನನಗೂ ಚಲೋ," ಎಂದರು. ನನ್ನ ಉತ್ತರಕ್ಕೆ ಕಾಯದೆ ಪೇದೆಗೆ ಹೇಳಿ ಬರೆಸಿಯೂಬಿಟ್ಟರು.

ಅವರು ಕೇಡು ಬಯಸಿ ಹಾಗೆ ಮಾಡಿದ್ದಲ್ಲ ಎಂದು ಈಗಲೂ ನಂಬುತ್ತೇನೆ. ಬಾಗಿಲೊಂದನ್ನು ತೆರೆದಿಟ್ಟರು. ನನ್ನಂಥವನಿಗೆ ಹೇಳಿಮಾಡಿಸಿದ ಬಾಗಿಲು. ನೆನಪನ್ನು ನಂಬಬೇಡಿ ಎಂದು ಜೀವಮಾನವಿಡೀ ಹೇಳಿದವನು ನನಗೆ ನೆನಪಿಲ್ಲ ಎಂದರೆ ಅದರಲ್ಲಿ ಅರ್ಧ ಸುಳ್ಳೂ ಇಲ್ಲ ಎಂದು ಯಾರ ಎದುರೂ ವಾದಿಸಬಹುದಿತ್ತು. ಆದರೆ ಆ ಹಾಳೆ ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದೆ. ಕಂಪನಿಯ ವಕೀಲರ ಕೈಗೆ. ಯಾರು ಹೇಳಿದರೆಂದೇ ನೆನಪಿಲ್ಲದ ಮುದುಕ ಕಥೆ ಕಟ್ಟಿ ಕರಪತ್ರ ಹಂಚಿದ ಎಂದು ಅವರು ಹೇಳುತ್ತಾರೆ. ಆಗ ಚೌಕದೊಳಗೆ ಓಡಿದ ಮನುಷ್ಯನೂ ಇಲ್ಲ, ಚಪ್ಪಾಳೆ ಹೊಡೆದು ಕೈ ನೋಡಿಕೊಂಡವನೂ ಇಲ್ಲ. ಭಾವ ಅಷ್ಟು ಅಪಾಯ ಹೊತ್ತು ಹೇಳಿದ್ದು ಯಾರೂ ಹೇಳದೇ ಇದ್ದದ್ದಾಗುತ್ತದೆ. ಅವನನ್ನು ಉಳಿಸಲು ಅವನ ಮಾತನ್ನು ಅಳಿಸಬೇಕಾಗಿತ್ತು. ನಾನು ಅಳಿಸುವುದಿಲ್ಲ ಎಂದು ಎಷ್ಟು ಹೊತ್ತಿಗೆ ನಿರ್ಧರಿಸಿದೆನೋ ಹೇಳಲಾರೆ. ಚಹಾದ ಲೋಟದಿಂದ ಇನ್ನೂ ಹಬೆ ಬರುತ್ತಿತ್ತು.

"ಬರೆದದ್ದನ್ನು ಓದಿ," ಎಂದೆ ಪೇದೆಗೆ.

"'ಸದರಿ ಭಾವ ಎಂಬ ವ್ಯಕ್ತಿಯು ಯಾರೆಂಬುದು ತಮಗೆ ನೆನಪಿರುವುದಿಲ್ಲವೆಂದು ತಿಳಿಸಿರುತ್ತಾರೆ.'"

"ನಾನು ಹಾಗೆ ತಿಳಿಸಿಲ್ಲ. ಹೊಡೆದುಹಾಕಿ. ನನಗೆ ನೆನಪಿದೆ. ಮುಖ ನೆನಪಿದೆ, ಹೆಸರು ನೆನಪಿದೆ, ಹೇಳಿದ ಮಾತೂ ನೆನಪಿದೆ. ಅವನು ಹೇಳಿದ್ದು ನಿಜ ಎಂದೂ ಬರೆಯಿರಿ. ಅವನು ಯಾರೆಂದು ಹೇಳುವುದಿಲ್ಲ."

ಅಧಿಕಾರಿ ಮೊದಲ ಮಾತುಗಳಿಗೆ ತಲೆಯಾಡಿಸಿದರು, ಕೊನೆಯದಕ್ಕೆ ತಲೆ ಎತ್ತಿದರು. "ಹಿಂಗ ಬರದ್ರ ನಿಮ್ಮನ್ನ ಸಾಕ್ಷಿ ಅಂತ ಇಟ್ಕೊಳ್ಳೂದಿಲ್ರಿ ಸರ್. ಆರೋಪಿ ಮಾಡ್ತಾರ. ನಾ ಅಲ್ಲ, ಮ್ಯಾಲಿನವ್ರು."

"ಮಾಡಲಿ."

"ಯೋಚನೆ ಮಾಡ್ರಿ."

"ಮೂವತ್ತು ವರ್ಷ ಯೋಚನೆಯೇ ಮಾಡಿದ್ದು. ಬರೆಯಿರಿ."

"ಚಂದದ ಅಕ್ಷರದಲ್ಲಿ ಬರೀರಿ," ಎಂದರು ಬಾಯಮ್ಮ ಪೇದೆಗೆ. "ಡಾಕ್ಟ್ರ ಚೀಟಿಯ ಹಾಗೆ ಮಾಡ್ಬೇಡಿ. ನಾಳೆ ಬೇರೆಯವರು ಓದ್ಲಿಕ್ಕೆ ಉಂಟು."

ಪೇದೆ ಅಧಿಕಾರಿಯ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಪೆನ್ನು ತೆಗೆದುಕೊಂಡು ಹಳೆಯ ಸಾಲನ್ನು ಹೊಡೆದು, ಅದರ ಕೆಳಗೆ ತಮ್ಮ ಕೈಬರಹದಲ್ಲೇ ಬರೆದರು. ನನಗೆ ತೋರಿಸಿದರು. 'ಸದರಿಯವರು ಯಾರೆಂದು ತಮಗೆ ನೆನಪಿದ್ದು, ಅವರು ಹೇಳಿದ ಸಂಗತಿ ಸತ್ಯವಿರುವುದಾಗಿಯೂ, ಆದರೆ ಅವರ ಗುರುತನ್ನು ತಿಳಿಸಲು ನಿರಾಕರಿಸುವುದಾಗಿಯೂ ಹೇಳಿರುತ್ತಾರೆ.' ಸದರಿಯವರು, ಅವರು. ಕನ್ನಡ ಓದಿದ ಆ ಮನುಷ್ಯ ಎಲ್ಲ ಕಡೆ ಬಹುವಚನ ಹಾಕಿದ್ದರು. ಕಚೇರಿಯ ಕನ್ನಡದ ರೂಢಿಯೋ, ಬೇಕೆಂದೇ ಮಾಡಿದ್ದೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಪೊಲೀಸರಿಗೆ ಕೊಟ್ಟ ಸಾಕ್ಷಿಯ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ ಎಂದು ವಕೀಲೆ ಹೇಳಿದ್ದರಿಂದ ಸಹಿಯನ್ನೂ ಹಾಕಲಿಲ್ಲ.

ಹದಿನೇಳು ದಿನಗಳ ನಂತರ ನಾನು ಆರೋಪಿಯಾದೆ. ಹದಿನೇಳೋ ಹತ್ತೊಂಬತ್ತೋ, ಡೈರಿ ಇದ್ದಿದ್ದರೆ ಖಚಿತವಾಗಿ ಹೇಳುತ್ತಿದ್ದೆ. ಪಾಸ್‌ಪೋರ್ಟ್ ಕೊಟ್ಟು ಬಂದೆ, ಜಾಮೀನಿಗೆ ಅಕ್ಕನ ಗಂಡ ನಿಂತರು. ನಿಂತದ್ದಲ್ಲದೆ ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಇಡೀ ದಾರಿ ಬೈದರು.

ಮಾರ್ಚಿನ ಪರೀಕ್ಷೆಗಳು ಬಂದವು, ಮುಗಿದವು. ಆ ಮನೆಗೆ ಯಾರೂ ಹೋಗಲಿಲ್ಲ. ಅವನು ಈಗ ಎಲ್ಲಿದ್ದಾನೆ, ಅದೇ ಕೆಲಸದಲ್ಲಿದ್ದಾನೆಯೇ, ತಾನಾಗಿ ಏನಾದರೂ ಹೇಳಲು ನಿರ್ಧರಿಸಿದ್ದಾನೆಯೇ ಎಂದು ಓದುವವರಿಗೆ ಅನ್ನಿಸಬಹುದು. ಅದನ್ನು ಹೇಳುವ ಹಕ್ಕು ಅವನದ್ದು.

ಮೊನ್ನೆ ವಕೀಲೆಯ ಕಚೇರಿಯಲ್ಲಿ ಮುಂದಿನ ತಾರೀಕಿನ ಬಗ್ಗೆ ಮಾತಾಡುತ್ತಿದ್ದೆವು. ಅದೇ ಪ್ರಶ್ನೆ ಅಲ್ಲೂ ಬರಬಹುದೇ ಎಂದು ಬಾಯಮ್ಮ ಕೇಳಿದರು.

"ಸಾಕ್ಷಿ ಆಗಿದ್ರೆ ಉತ್ತರ ಕೊಡ್ಲೇಬೇಕಿತ್ತು," ಎಂದರು ವಕೀಲೆ. "ಆರೋಪಿಗೆ ಸುಮ್ಮನಿರುವ ಹಕ್ಕು ಉಂಟು."

ಬಾಯಮ್ಮ ನನ್ನ ಕಡೆ ತಿರುಗಿದರು. "ನೋಡಿ ಮಾಸ್ಟ್ರೇ, ನಿಮಗೆ ಪ್ರಮೋಷನ್."

ಆ ಹಕ್ಕು ಇರಲಿ, ಆದರೆ ನಾನು ಸುಮ್ಮನಿರುವುದಿಲ್ಲ ಎಂದೆ. ಕೇಳಿದರೆ ಮನೆಯಲ್ಲಿ ಹೇಳಿದ್ದನ್ನೇ ಹೇಳುತ್ತೇನೆ: ನೆನಪಿದೆ, ಹೇಳುವುದಿಲ್ಲ. ವಕೀಲೆ ತಲೆಯ ಮೇಲೆ ಕೈಯಿಟ್ಟುಕೊಂಡು, ಅದನ್ನು ಕನ್ನಡದಲ್ಲೇ ಹೇಳಬೇಕೋ ಇಂಗ್ಲಿಷಿನಲ್ಲೋ ಎಂದು ಕೇಳಿದರು. ಕನ್ನಡದಲ್ಲೇ ಎಂದೆ. ಅಲ್ಲಿ ಭಾವ ಹೇಳಿದ ಎನ್ನುವುದಿಲ್ಲ, ಭಾವ ಹೇಳಿದರು ಎನ್ನುತ್ತೇನೆ.